ನಿಮ್ಮ ಕಣ್ಣು ಬೆಂಗಳೂರಿಗೆ ಹೋದ ದಿನ

ಪ್ರೀತಿಯ ಅತ್ತೆ,

ನೀವು ಹೋದ ಮೇಲೆ ನಡೆದದ್ದನ್ನೆಲ್ಲ ನಿಮಗೆ ಹೇಳುವವರು ಯಾರು? ಅದಕ್ಕೇ ಬರೆಯುತ್ತಿದ್ದೇನೆ. ಕಾನ್ವೆಂಟಿನಲ್ಲಿ ಓದಿದ ನನ್ನ ಕನ್ನಡವನ್ನು ನೀವು ನಗುತ್ತಲೇ ತಿದ್ದುತ್ತಿದ್ದಿರಿ. ಇಲ್ಲಿಯೂ ತಪ್ಪಿದ್ದರೆ ನಕ್ಕುಬಿಡಿ.

ಚಿಂತಾಮಣಿಯ ಛತ್ರದಲ್ಲಿ ಕಣ್ಣಿನ ಕ್ಯಾಂಪ್ ನಡೆದದ್ದು ನೆನಪಿದೆಯೆ? ನಿಮ್ಮ ಪೊರೆ ತೆಗೆಸಲು ಕರೆದುಕೊಂಡು ಹೋಗಿದ್ದೆ. ಪಕ್ಕದಲ್ಲಿ ಒಬ್ಬಳು ಹೆಂಗಸು ಕೂತಿದ್ದಳು, ಸಿಡುಬಿನಿಂದ ಅವಳ ಎರಡು ಕಣ್ಣಿಗೂ ಬಿಳಿ ಹೂ ಬಿದ್ದು ಏನೂ ಕಾಣುತ್ತಿರಲಿಲ್ಲ. ಇದು ಪೊರೆಯಂತಲ್ಲ, ತೀರಿಕೊಂಡವರ ಕಣ್ಣಿನ ಮೇಲಿರುವ ಗಾಜಿನಂಥ ತೆಳು ಪದರವನ್ನು ತೆಗೆದು ಹೊಲಿಯಬೇಕು, ಆದರೆ ಕೊಡುವವರೇ ಸಿಗುವುದಿಲ್ಲ ಎಂದು ಡಾಕ್ಟರು ಹೇಳಿ ಅವಳನ್ನು ಕಳಿಸಿದರು. ಅವಳು ಗೋಡೆ ತಡವಿಕೊಂಡು ಬಾಗಿಲು ದಾಟುವವರೆಗೂ ನೀವು ನೋಡುತ್ತಲೇ ಇದ್ದಿರಿ.

“ನಂದು ನಡೀತದಾ ಡಾಕ್ಟ್ರಪ್ಪ? ಇದ್ರಲ್ಲಿ ಸೂಜಿಗೆ ದಾರಾನೂ ಪೋಣ್ಸಕ್ಕಾಗಲ್ಲ ಮತ್ತೆ” ಎಂದಿರಿ.

ಮುದುಕರ ಕಣ್ಣೂ ಆಗುತ್ತದೆ ಎಂದರು ಡಾಕ್ಟರು. ಆದರೆ ಜೀವ ಹೋದ ಕೆಲವೇ ಗಂಟೆಗಳೊಳಗೆ ತೆಗೆಯಬೇಕು ಎಂದೂ ಹೇಳಿದರು. ನಮ್ಮೂರು ಮೇಲೂರಿಗೆ ಬರುವ ಬಸ್ಸಿನಲ್ಲಿ ನೀವು ನನಗೆ ಕೆಲಸ ಒಪ್ಪಿಸಿದಿರಿ. “ಗಂಡುಮಕ್ಳು ಅವತ್ತು ಅಳ್ತಾ ಕೂತಿರ್ತಾರೆ. ನೀನು ಅಳೋದು ಆಮೇಲಿಗೆ ಇಟ್ಕೊ ಕಣಮ್ಮ. ಮೊದ್ಲು ಡಾಕ್ಟ್ರಿಗೆ ಹೇಳ್ಕಳ್ಸು.”

ನೀವು ಉಸಿರು ಬಿಟ್ಟ ಬೆಳಿಗ್ಗೆ ನಮ್ಮ ರೇಷ್ಮೆಹುಳು ಚರ್ಮ ಕಳಚುವ ಕೊನೆಯ ಜ್ವರದಿಂದ ಎದ್ದು ಹಗಲಿರುಳೂ ಸೊಪ್ಪು ತಿನ್ನುತ್ತಿದ್ದವು. ನಮಗೆ ಸೂತಕವಾದ್ದರಿಂದ ಪಕ್ಕದ ಮನೆಯವರು ಬಂದು ಹುಳುಮನೆಯನ್ನು ವಹಿಸಿಕೊಂಡರು. ನಿಮ್ಮ ಮಗ ಶಿಡ್ಲಘಟ್ಟದ ಅಂಚೆಕಚೇರಿಗೆ ಓಡಿ ಬೆಂಗಳೂರಿಗೆ ಟ್ರಂಕ್ ಕಾಲ್ ಮಾಡಿ ಬಂದರು. ಡಾಕ್ಟರು ಬರುವವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಬೇಕು, ತಂಪಾದ ಕಡೆ ಮಲಗಿಸಬೇಕು ಎಂದು ಫೋನಿನಲ್ಲಿ ಹೇಳಿದ್ದರಂತೆ. ಚೈತ್ರದ ಬಿಸಿಲು. ನಿಮ್ಮನ್ನು ಮಲಗಿಸಿದ್ದ ಜಗುಲಿ ಆಗಲೇ ಕಾಯತೊಡಗಿತ್ತು.

ಮಾವನ ತಮ್ಮ, ಚಿಕ್ಕಮಾವನವರು ನನ್ನನ್ನು ಪಕ್ಕಕ್ಕೆ ಕರೆದರು. ಸಿಟ್ಟು ಮಾಡಲಿಲ್ಲ, ಕೇಳಿದರು ಅಷ್ಟೆ. “ಕಣ್ಣಿಲ್ದೆ ನಮ್ಮತ್ತಿಗೆ ದಾರಿ ಹೆಂಗಮ್ಮ ಕಾಣ್ತಾಳೆ?” ಓದಿದವಳಾದ ನನ್ನೊಳಗೂ ಅದೇ ಪ್ರಶ್ನೆ ಎಲ್ಲೋ ಕೂತಿತ್ತೇನೋ. ನಿಮ್ಮ ಮಾತು ನಡೆಸಲು ಹೊರಟಿದ್ದೇನೋ, ನಿಮ್ಮನ್ನು ಕಳಿಸಿಕೊಡಬೇಕಾದವರ ಮನಸ್ಸು ಮುರಿಯುತ್ತಿದ್ದೇನೋ...

ಇಡೀ ಮನೆಯಲ್ಲಿ ತಂಪಾದ ಜಾಗ ಒಂದೇ, ಸೊಪ್ಪಿನ ಕೋಣೆ. ಹಿಪ್ಪುನೇರಳೆ ಸೊಪ್ಪು ಬಾಡದಂತೆ ಒದ್ದೆ ಗೋಣಿ ಹೊದಿಸಿಡುವ ಆ ಕೋಣೆಗೆ ನೀವು ಚಪ್ಪಲಿ ಮೆಟ್ಟಿದವರನ್ನೂ ಬಿಡುತ್ತಿರಲಿಲ್ಲ. ಹೆಣ ಇಟ್ಟ ಕೋಣೆಯ ಸೊಪ್ಪನ್ನು ಹುಳುವಿಗೆ ಯಾರು ಹಾಕುತ್ತಾರೆ? ಅಲ್ಲಿ ಮಲಗಿಸಿದರೆ ಆ ಸಲದ ಬೆಳೆ ಹೋಯಿತೆಂದೇ ಚಿಕ್ಕಮಾವ ಹೇಳಿದರು. ಅಲ್ಲಿಯವರೆಗೆ ನಿಮ್ಮ ಕಾಲ ಬಳಿ ಸುಮ್ಮನೆ ಕೂತಿದ್ದ ಮಾವ ತಲೆಯೆತ್ತಿದರು.

“ಇಷ್ಟು ವರ್ಷ ಸೊಪ್ಪು ಬಾಡ್ದಂಗೆ ನೋಡ್ಕೊಂಡ್ಲು. ಅವಳ ಕಣ್ಣು ಬಾಡ್ದಂಗೆ ನಾವೊಂದು ಮಧ್ಯಾಹ್ನ ನೋಡ್ಕೊಳ್ಳಣ. ಎತ್ರಪ್ಪ.”

ಇದ್ದ ಸೊಪ್ಪನ್ನೆಲ್ಲ ದನಗಳಿಗೆ ಹಾಕಿ ನಿಮ್ಮನ್ನು ಒಳಗೆ ಮಲಗಿಸಿದೆವು. ಬಾಗಿಲಿಗೆ, ಕಿಟಕಿಗೆ ನೆನೆಸಿದ ಗೋಣಿ ಕಟ್ಟಿದೆವು. ನಾನು ತಲೆಯ ಬಳಿ ಕೂತು ಹತ್ತಿ ಒದ್ದೆ ಮಾಡುತ್ತಿದ್ದೆ. ಹೊರಗಿನ ಹೆಂಗಸರು ಈ ಸೊಸೆಯ ಕಣ್ಣಲ್ಲಿ ಒಂದು ಹನಿ ನೀರೂ ಬರಲಿಲ್ಲವಲ್ಲ ಎಂದುಕೊಳ್ಳುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಹೊತ್ತು ಇಳಿಯಿತು, ಜೀಪು ಬರಲಿಲ್ಲ. ತಡವಾದರೆ ಎಲ್ಲರನ್ನೂ ನೋಯಿಸಿದ್ದು ಯಾತಕ್ಕೆ? ಕೊನೆಗೂ ಬಂದ ಡಾಕ್ಟರು ರೆಪ್ಪೆ ಬಿಡಿಸಿ, ಬೆಳಕು ಹಿಡಿದು ನೋಡಿ, “ಕನ್ನಡಿ ಹಾಗಿದೆ, ಚೆನ್ನಾಗಿ ಕಾಪಾಡಿದ್ದೀರಿ” ಎಂದಾಗ ಮಾವ ಗೋಡೆಗೆ ಒರಗಿ ಕೂತುಬಿಟ್ಟರು.

ಎಲ್ಲ ಮುಗಿದ ಮೇಲೆ ಚಿಕ್ಕಮಾವ ಒಳಗೆ ಬಂದು ಬಗ್ಗಿ ನಿಮ್ಮ ಮುಖ ನೋಡಿದರು. ಮುಖ ಹಾಗೇ ಇತ್ತು, ನಿದ್ದೆ ಹೋದಂತೆ. ಅಂದು ಸಂಜೆಯಿಂದ ತಮ್ಮ ತೋಟದ ಸೊಪ್ಪನ್ನು ಪಕ್ಕದ ಮನೆಯವರಿಂದ ಕೊಯ್ಯಿಸಿ ನಮ್ಮ ಹುಳುವಿಗೆ ಹಾಕಿಸಿದರು. ಹುಳು ಗೂಡು ಕಟ್ಟಿದವು ಅತ್ತೆ. ಬೆಳೆ ಹೋಗಲಿಲ್ಲ.

ಮೊನ್ನೆ ಮತ್ತೆ ಕ್ಯಾಂಪಿಗೆ ಹೋಗಿದ್ದಾಗ ನಿಮ್ಮ ಕಣ್ಣನ್ನು ಬೆಂಗಳೂರಿಗೆ ಒಯ್ದ ಡಾಕ್ಟರೇ ಸಿಕ್ಕರು. ನಿಮಗೆ ಹೇಳದೆ ಇರಲಾರೆ: ಒಂದು ಕಣ್ಣು ಹತ್ತಲಿಲ್ಲ, ಮತ್ತೆ ಮಂಜಾಯಿತಂತೆ. ಇನ್ನೊಂದು ನಿಂತಿದೆ. ಯಾರಿಗೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಹಳ ವರ್ಷ ಕಣ್ಣಿಲ್ಲದೆ ಇದ್ದ ಹೆಂಗಸಂತೆ. ಕಟ್ಟು ಬಿಚ್ಚಿದ ಮಾರನೆಯ ದಿನವೇ ಆಸ್ಪತ್ರೆಯ ಅನ್ನದಲ್ಲಿ ಕಲ್ಲು ಆರಿಸಿ ತಟ್ಟೆಯಂಚಿಗೆ ಇಟ್ಟು, ಇಷ್ಟು ದಿನ ಇದನ್ನೇ ತಿನ್ನಿಸಿದ್ದೀರಲ್ಲ ಎಂದು ಆಯಾಳ ಜೊತೆ ಜಗಳ ತೆಗೆದಳಂತೆ.

ಮನೆಗೆ ಬಂದು ಮಾವನಿಗೆ ಹೇಳಿದೆ. ಮತ್ತೊಂದು ಸಲ ಹೇಳಿಸಿಕೊಂಡರು. ಅವಳದು ಯಾವ ಊರು ಎಂದು ಕೇಳಿದರು. ಗೊತ್ತಿಲ್ಲ, ಬೇಕಾದರೆ ವಿಚಾರಿಸುತ್ತೇನೆ ಎಂದೆ.

“ಬೇಡ ಬಿಡಮ್ಮ. ಎಲ್ಲಾದ್ರೂ ಸರಿ, ನೋಡ್ಕೊಂಡಿರ್ಲಿ.”

ನಿಮ್ಮ ಸೊಸೆ