ಸ್ವಾಗತ ಮುಗಿಯುವವರೆಗೆ ಬಾಗಿಲು ತೆರೆಯಬಾರದು

ಗದಗ ಇಳಿದಾಣ
ಫೆಬ್ರವರಿ ೩೦, ೨೧೮೭

ಇನ್ನೂ ಬದುಕಿರುವ ನನ್ನ ಪೂರ್ವಜರಿಗೆ ನಮಸ್ಕಾರಗಳು.

ದಿನಾಂಕ ಕಂಡು ಗಾಬರಿಯಾಗಬೇಡಿ. ಐವತ್ತು ವರ್ಷದ ಹಿಂದೆ ಪಂಚಾಂಗ ತಿದ್ದಿ ಎಲ್ಲ ತಿಂಗಳಿಗೂ ಮೂವತ್ತೇ ದಿನ ಎಂದು ಗೊತ್ತುಮಾಡಿದರು. ಹೀಗೆ ನಮ್ಮ ಕಾಲದಲ್ಲಿ ಸಮಾನತೆ ತಿಂಗಳುಗಳಿಗಾದರೂ ಸಿಕ್ಕಿತು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಕಾಲೇಜಿನಲ್ಲಿ ಮೂರು ವರ್ಷ ಓದಿ ಪಾಸಾಗಿದ್ದೇನೆ. ಪಾಸಾಗುವುದಕ್ಕೂ ಭಾಷೆ ಬರುವುದಕ್ಕೂ ಇರುವ ನಂಟು ಎಷ್ಟೆಂಬುದು ನಿಮಗೂ ಗೊತ್ತು. ಈ ಪತ್ರ ಹಿಂದಂಚೆಯಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆಯಲ್ಲಿ ಬರುತ್ತಿದೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ಹೆಚ್ಚಿನವರು ಮುತ್ತಜ್ಜನಿಗೆ ಹೊಗೆಸೊಪ್ಪು ಬಿಡಲು ಹೇಳಿ ಅದನ್ನು ಖರ್ಚುಮಾಡುತ್ತಾರೆ. ನನಗೆ ಹನ್ನೆರಡು ದಿನದಿಂದ ಅನ್ನ ಕಂಡರೆ ವಾಕರಿಕೆ. ಅದರ ಕಾರಣವನ್ನು ನಿಮ್ಮ ಮುಂದೆ ಕಾರಿಕೊಳ್ಳಲು ನನ್ನ ಪತ್ರವನ್ನು ಬಳಸುತ್ತಿದ್ದೇನೆ.

ಕರಾವಳಿಯಲ್ಲಿ ಮೂರು ವರ್ಷದಿಂದ ಯುದ್ಧ ನಡೆದಿದೆ. ಕಡಲ ಉಪ್ಪು ತೆಗೆದು ಕುಡಿಯುವ ನೀರು ಮಾಡುವ ಸ್ಥಾವರಗಳು ಯಾರ ಕೈಯಲ್ಲಿರಬೇಕೆಂದು ಎರಡು ಪಕ್ಷಗಳು ಹೊಡೆದಾಡುತ್ತವೆ; ಕುಡಿಯಬೇಕಾದವರು ಓಡುತ್ತಾರೆ. ಹಾಗೆ ಓಡಿ ಬಂದವರನ್ನು ಅಂಕೋಲೆಯ ಹೊರಗೆ ತೇಲುಬಂಡಿಗಳಿಗೆ ಹತ್ತಿಸಿ ಗದಗಿಗೆ ತರುತ್ತೇವೆ. ತೇಲುಬಂಡಿ ನೆಲದಿಂದ ಗೇಣುದ್ದ ಮೇಲೆ ಹೋಗುವ ಉದ್ದನೆಯ ಡಬ್ಬಿ. ಗುಂಡು ತಾಗದಿರಲೆಂದು ಕಿಟಕಿಯಿಲ್ಲ, ದಾರಿಯಲ್ಲಿ ಯಾರೂ ನುಗ್ಗದಿರಲೆಂದು ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ, ಅದೂ ಮೊದಲೇ ಗುರುತು ಮಾಡಿಸಿದ ಅಂಗೈಯನ್ನು ಒತ್ತಿದರೆ. ಸಾಗುವಾಗ ಒಳಗೆ ತಂಗಾಳಿ ಆಡುತ್ತದೆ, ನಿಂತರೆ ಗಾಳಿಯೂ ನಿಲ್ಲುತ್ತದೆ. ಬಂಡಿ ಮುಟ್ಟಿದ ಕೂಡಲೇ ಬಾಗಿಲು ತೆರೆಯುತ್ತಾರೆಂದು ನಂಬಿ ಯಾರೋ ಪುಣ್ಯಾತ್ಮ ಹಾಗೆ ಮಾಡಿದ್ದ. ಅವನಿಗೆ ನಮ್ಮ ಪರಿಚಯವಿರಲಿಲ್ಲ.

ನಮ್ಮೂರವರು ಕೆಟ್ಟವರಲ್ಲ. ಬರುವವರಿಗೆಂದು ಮನೆ ಮನೆಯಲ್ಲಿ ರೊಟ್ಟಿ ಬಡಿದಿದ್ದರು, ಕಡಲವರಿಗೆ ಜೋಳ ಒಗ್ಗದಿದ್ದರೆ ಎಂದು ಗಂಜಿಯನ್ನೂ ಕಾಸಿದ್ದರು. ತಗಡಿನ ಹೊಸ ಮನೆಗಳಲ್ಲಿ ಕೊಡ ತುಂಬಿಸಿ, ಹಾಸಿಗೆ ಹಾಸಿ, ಬಾಗಿಲಿಗೆ ತೋರಣ ಕಟ್ಟಿದ್ದರು. ನಿರಾಶ್ರಿತ ಎಂಬ ಪದವನ್ನು ಕಾನೂನಿನಲ್ಲಿ ನಿಷೇಧಿಸಿ ಅತಿಥಿ ಎಂದು ಕರೆಯುತ್ತೇವೆ. ಅತಿಥಿ ಎಂದ ಮೇಲೆ ಸ್ವಾಗತ, ಸ್ವಾಗತ ಎಂದ ಮೇಲೆ ವೇದಿಕೆ, ವೇದಿಕೆ ಎಂದ ಮೇಲೆ ಮುಖ್ಯ ಅತಿಥಿ. ನಿಮ್ಮ ಕಾಲದ ಸಮಾರಂಭಗಳ ಚಿತ್ರಗಳನ್ನು ನಮ್ಮ ಶಾಲೆಗಳಲ್ಲಿ ಪರಂಪರೆ ಎಂದು ತೋರಿಸುತ್ತಾರೆ. ದೀಪ, ಪ್ರಾರ್ಥನೆ, ಪ್ರಾಸ್ತಾವಿಕ ನುಡಿ, ಶಾಲು, ಹಣ್ಣಿನ ಬುಟ್ಟಿ, ಕೊನೆಗೆ ವಂದನಾರ್ಪಣೆ: ಒಂದನ್ನೂ ಬಿಟ್ಟಿಲ್ಲ. ರಿಬ್ಬನ್ ಕತ್ತರಿಸುವುದರ ಬದಲು ಮುಖ್ಯ ಅತಿಥಿ ಅಂಗೈ ಒತ್ತಿ ಬಂಡಿಯ ಬಾಗಿಲನ್ನೇ ಉದ್ಘಾಟಿಸಲಿ ಎಂದು ಸ್ವಾಗತ ಸಮಿತಿ ಯೋಚಿಸಿತು. ಏಳೂ ಬಂಡಿಗೆ ಪುನರ್ವಸತಿ ಅಧ್ಯಕ್ಷರಾದ ಚೆನ್ನಪ್ಪ ಮುಳಗುಂದರ ಅಂಗೈಯೊಂದನ್ನೇ ಗುರುತು ಮಾಡಿಸಿದರು. ಆ ಸಭೆಯಲ್ಲಿ ನಾನೂ ಇದ್ದೆ. ‘ಅಧ್ಯಕ್ಷರ ಕೈವಾಡ’ ಎಂದು ಚಟಾಕಿ ಹಾರಿಸಿ ಕೈ ಎತ್ತಿದೆ.

ನಾನು ನಿರೂಪಕ. ಈ ಜಿಲ್ಲೆಯಲ್ಲಿ ನನ್ನ ನಿರೂಪಣೆಯಿಲ್ಲದೆ ನಾಮಕರಣವೂ ಆಗುವುದಿಲ್ಲ.

ಬಂಡಿಗಳು ಹನ್ನೊಂದಕ್ಕೆ ಬಂದು ನಿಂತವು. ನಿಮ್ಮ ಮೇ ತಿಂಗಳ ಬಿಸಿಲು ನಮಗೆ ಫೆಬ್ರವರಿಗೇ ಬರುತ್ತದೆ. ಇನ್ನೂರ ಹನ್ನೆರಡು ಜನ ಒಳಗೆ, ಸುಮಾರು ಅಷ್ಟೇ ಜನ ಹೊರಗೆ ಶಾಮಿಯಾನದ ನೆರಳಲ್ಲಿ. ಅಧ್ಯಕ್ಷರು ಹುಲಕೋಟಿಯ ಇನ್ನೊಂದು ಸಮಾರಂಭದಲ್ಲಿದ್ದರು. ಹನ್ನೊಂದೂವರೆಗೆ ಬಾಗಿಲು ಕಾಯುವ ಈರಣ್ಣ ಹೊಂಬಳ ಸಮಿತಿಯ ಕಾರ್ಯದರ್ಶಿ ಶಿವಯೋಗಿ ನರೇಗಲ್ಲರ ಬಳಿ ಓಡಿ ಬಂದ.

“ಸಾಹೇಬ್ರ, ಬಂಡಿ ನಿಂತ್ರ ಒಳಗ ಗಾಳಿ ಆಡೂದಿಲ್ರೀ. ಹತ್ತ ನಿಮಿಷ ಕೊಡ್ರಿ, ಕದದ ತಿರುಪು ಬಿಚ್ಚತೀನಿ.”

“ಭಾಳ ಶಾಣ್ಯಾ ಅದೀ ನೋಡಪಾ! ತೆರದ ಕದಾ ಅಧ್ಯಕ್ಷರು ಬಂದ ಏನ ತೆರೀಬೇಕು? ಫೋಟೋದಾಗ ಏನ ಕಾಣಬೇಕು, ನಿನ್ನ ಮಾರಿ?”

“ಮಂದಿ ಬಡ್ಕೊಳ್ಳಾಕತ್ತಾರ್ರೀ ಒಳಗ.”

“ಇಲ್ಲೇ ಬಂದ್ರಪಾ, ಕೂಡಿನಹಾಳ ಕ್ರಾಸ್ ದಾಟ್ಯಾರ,” ಎಂದರು ನರೇಗಲ್ಲ. ನನ್ನ ಕಡೆ ತಿರುಗಿ, “ಅಸುಂಡಿಯವ್ರ, ಮಂದಿ ಏಳಾಕತ್ತಾರ. ಸ್ವಲ್ಪ ನಗಸ್ರಿ,” ಎಂದರು.

ನಿಜಕ್ಕೂ ಜನ ಏಳತೊಡಗಿದ್ದರು. ಮುಂದಿನ ಸಾಲಿನ ಇಬ್ಬರು ಹೆಂಗಸರು ನೀರಿನ ಕೊಡ ಹಿಡಿದು ಬಂಡಿಯ ಕಡೆಗೇ ಹೊರಟಿದ್ದರು. ಬಡಿತ ಜೋರಾಗಿತ್ತು. ನಾನು ಮೈಕು ಹಿಡಿದು, “ನೋಡಿ, ಅಧ್ಯಕ್ಷರ ಹೆಸರು ಹೇಳಿದೊಡನೆ ನೀವು ಕರತಾಡನ ಮಾಡಿದಿರಿ. ಒಳಗಿನ ಅತಿಥಿಗಳು ಕದತಾಡನವನ್ನೇ ಶುರುಮಾಡಿದ್ದಾರೆ!” ಎಂದೆ. ಶಾಮಿಯಾನ ಹಾರಿಹೋಗುವಷ್ಟು ನಕ್ಕರು. ಆ ಹೆಂಗಸರೂ ನಕ್ಕರು. ನಕ್ಕು, ಕೊಡ ಕೆಳಗಿಟ್ಟು, ಕುಳಿತರು.

ಆಮೇಲೆ ಎರಡು ತಾಸು ನಗಿಸಿದೆ. ನನ್ನ ಬದುಕಿನ ಅತ್ಯುತ್ತಮ ನಿರೂಪಣೆ ಎಂದು ಪತ್ರಿಕೆ ಬರೆಯಿತು.

ನಡುವೆ ಒಮ್ಮೆ ನೀರು ಕುಡಿಯಲು ವೇದಿಕೆ ಇಳಿದಾಗ ನಾಲ್ಕನೆಯ ಬಂಡಿಯ ಬಾಗಿಲಲ್ಲಿ ದನಿಯಷ್ಟೇ ದಾಟುವ ಸಣ್ಣ ಜಾಲರಿಯಿಂದ ಹೆಣ್ಣುದನಿ ಕೇಳಿಸಿತು. “ಅಣ್ಣಾ, ಯಾರಾರೂ ಇದ್ರೆ ಬಾಗ್ಲು ತೆಗೀರಾ. ನಮ್ಮವ್ವಿಗೆ ಉಸ್ರು ತೆಗೂಕೆ ಆಗ್ತಿಲ್ಲ.”

“ಈಗ ತೆಗೀತಾರಮ್ಮಾ, ಬಂದೇ ಬಿಟ್ರು,” ಎಂದೆ. ಅವಳು ನನ್ನನ್ನು ನಂಬಿ ಅವ್ವಿಗೆ ಹಾಗೆಯೇ ಹೇಳಿದ್ದು ನನಗೆ ಕೇಳಿಸಿತು. ನಾನು ಮತ್ತೆ ವೇದಿಕೆ ಹತ್ತಿದೆ.

ಅಧ್ಯಕ್ಷರು ಬಂದದ್ದು ಒಂದೂವರೆಗೆ. ಬಂದವರು ನೇರ ಬಂಡಿಯ ಬಳಿ ಹೋಗಬಹುದಿತ್ತು. ಆದರೆ ದೀಪ ಹಚ್ಚದೆ ಉದ್ಘಾಟನೆ ಹೇಗೆ? ದೀಪ ಹಚ್ಚಿದರು; ಗಾಳಿಗೆ ಎರಡು ಸಲ ಆರಿತು. ಪ್ರಾರ್ಥನೆ ಆಯಿತು. ‘ಬಂದ ಬಂಧುಗಳಿಗೆ ನಮ್ಮ ಬಾಗಿಲು ಸದಾ ತೆರೆದಿದೆ’ ಎಂದು ಅಧ್ಯಕ್ಷರು ಮುಚ್ಚಿದ ಏಳು ಬಾಗಿಲುಗಳ ಮುಂದೆ ಇಪ್ಪತ್ತು ನಿಮಿಷ ಮಾತನಾಡಿದರು. ಆ ಹೊತ್ತಿಗೆ ಬಡಿತ ನಿಂತಿತ್ತು. ಧ್ವನಿವರ್ಧಕ ಸ್ಪಷ್ಟವಾಗಿ ಕೇಳಿಸುತ್ತಿದೆ ಎಂದು ನರೇಗಲ್ಲರು ಸಂತೋಷಪಟ್ಟರು.

ಬಾಗಿಲು ತೆರೆದಾಗ ಬಂದ ಬಿಸಿಗಾಳಿಗೆ ಅಧ್ಯಕ್ಷರು ಮೂಗು ಮುಚ್ಚಿಕೊಂಡರು. ಜನ ಒಬ್ಬರನ್ನೊಬ್ಬರು ಎಳೆದುಕೊಂಡು ಇಳಿದರು, ಇಳಿದವರಲ್ಲಿ ಅರ್ಧದಷ್ಟು ಅಲ್ಲೇ ಬಿದ್ದರು. ಕೊಡ ಕೆಳಗಿಟ್ಟಿದ್ದ ಹೆಂಗಸರು ಈಗ ಅಳುತ್ತ ನೀರು ಹಾಕಲು ಓಡಿದರು. ನನ್ನ ಕೈಯಲ್ಲಿ ಕಾರ್ಯಕ್ರಮದ ಹಾಳೆ ಇತ್ತು. ಮುಂದಿನದು ಅತಿ ಹಿರಿಯ ಅತಿಥಿಗೆ ಸನ್ಮಾನ. ಅಭ್ಯಾಸಬಲ ನೋಡಿ, ಕಣ್ಣು ನೆಲದ ಮೇಲಿದ್ದರೂ ಬಾಯಿ ಹಾಳೆಯ ಮೇಲಿತ್ತು. “ಎಂಬತ್ತನಾಲ್ಕರ ಹರೆಯದ ದೇವಮ್ಮ ಹರಿಕಂತ್ರ ಅವರು ವೇದಿಕೆಗೆ ಬರಬೇಕು,” ಎಂದೆ. ಯಾರೂ ಬರಲಿಲ್ಲ. ಮತ್ತೆ ಕರೆದೆ. “ಹಿರಿಯರಿಗೆ ಹಿಂಜರಿಕೆಯೇ?” ಎಂದೂ ಸೇರಿಸಿದೆ.

ನಾಲ್ಕನೆಯ ಬಂಡಿಯಿಂದ ಅವರ ಮಗಳು ನಾಗವೇಣಿ ಇಳಿದು ಬಂದಳು. ಸೆರಗು ಬೆವರಿಗೆ ಮೈಗಂಟಿತ್ತು. ವೇದಿಕೆ ಹತ್ತಲಿಲ್ಲ.

“ನೀವೇ ಅಲ್ರಾ, ಈಗ ತೆಗೀತಾರೆ ಅಂದವ್ರು?”

ನಾನು ಮೈಕು ಕೆಳಗಿಳಿಸಿದೆ.

“ಅವ್ವಿ ಹೋಗಿ ಒಂದ್ ತಾಸಾಯ್ತು. ನೀವು ಹೊರಗೆ ನಗೂದು ಕೇಳ್ತಿತ್ತು. ‘ಜನ ನಗ್ತಾರೆ ಅಂದ್ರೆ ಒಳ್ಳೆ ಊರೇ ಇರ್ಬೇಕು, ಹೆದ್ರಬೇಡ ಮಗಾ’ ಅಂತ ನನ್ಗೇ ಸಮಾಧಾನ ಹೇಳ್ತಿದ್ಲು.”

ನರೇಗಲ್ಲರು ಸುಮ್ಮನಿರಬಹುದಿತ್ತು. ತಂದ ಶಾಲು ವ್ಯರ್ಥವಾಗಬಾರದೆಂದು ಒಳಗೆ ಹೋಗಿ ಮುದುಕಿಗೆ ಹೊದಿಸಿ ಬಂದರು. ಅತಿಥಿ ಎಂದು ಕರೆದವರ ತಿಥಿಯನ್ನೂ ನಾವೇ ಮಾಡಿದೆವು. ಅದಕ್ಕೂ ಫೋಟೋ ಇದೆ. ವರದಿಯಲ್ಲಿ ‘ಹತ್ತಿದವರು ೨೧೨, ತಲುಪಿದವರು ೨೧೨’ ಎಂದಿದೆ. ಸುಳ್ಳಲ್ಲ, ಅದೇ ಅದರ ಅಸಹ್ಯ. ಈರಣ್ಣ ಕೆಲಸ ಬಿಟ್ಟಿದ್ದಾನೆ. ನನಗೆ ಮುಂದಿನ ತಿಂಗಳ ಸ್ವಾಗತಕ್ಕೂ ಕರೆ ಬಂದಿದೆ, ಜನ ಬಯಸುತ್ತಾರಂತೆ.

ಅಧ್ಯಕ್ಷರನ್ನು ಬೈದು ಹಗುರಾಗಲು ನೋಡಿದೆ, ಆಗಲಿಲ್ಲ. ಆ ಹೆಂಗಸರು ಕೊಡ ಹಿಡಿದು ಹೊರಟಿದ್ದರು. ಇನ್ನು ಹತ್ತು ಹೆಜ್ಜೆ ಹೋಗಿದ್ದರೆ ಜಾಲರಿಯ ದನಿ ಅವರಿಗೂ ಕೇಳುತ್ತಿತ್ತು, ಅವರು ಕೂಗಿದ್ದರೆ ಊರೇ ಎದ್ದು ಈರಣ್ಣನಿಗೆ ದಾರಿ ಬಿಡುತ್ತಿತ್ತು. ಅವರನ್ನು ಕೂರಿಸಿದವನು ನಾನು.

ಹಿಂದಂಚೆಗೆ ಆದದ್ದನ್ನು ಅಳಿಸುವ ಶಕ್ತಿಯಿಲ್ಲ, ದೇವಮ್ಮ ಮರಳುವುದಿಲ್ಲ. ಆದರೆ ನಿಮ್ಮ ಕಾಲದಲ್ಲೂ ಜನ ಯುದ್ಧದಿಂದ ಓಡುತ್ತಾರೆ, ಲಾರಿ ಹಡಗುಗಳಲ್ಲಿ ಬರುತ್ತಾರೆ, ನಿಮ್ಮಲ್ಲೂ ಒಳ್ಳೆಯ ಜನ ಹಾರ ಹಿಡಿದು ನಿಂತಿರುತ್ತಾರೆ. ಅಲ್ಲಿ ನನ್ನಂಥವನೊಬ್ಬ ಇದ್ದೇ ಇರುತ್ತಾನೆ. ಚೆನ್ನಾಗಿ ಮಾತನಾಡುತ್ತಾನೆ. ಮುಚ್ಚಿದ ಬಾಗಿಲ ಮುಂದೆ ಅವನು ಏನೋ ತಮಾಷೆ ಹೇಳುತ್ತಾನೆ, ಅದು ನಿಜಕ್ಕೂ ತಮಾಷೆಯಾಗಿಯೇ ಇರುತ್ತದೆ.

ದಯವಿಟ್ಟು ನಗಬೇಡಿ.

ಗುರುಪಾದ ಅಸುಂಡಿ