ಮುಂಬಾಗಿಲು ತಟ್ಟಿ ಹೋದವರಿಗೆ

ದತ್ತಿನಿಧಿಗಳ ಮುಖ್ಯ ಆಡಳಿತಾಧಿಕಾರಿಗಳೇ,

‘ಈ ಬೀದಿಯಲ್ಲಿ ಒಂದು ಬಾಗಿಲಾದರೂ ತೆರೆಯುತ್ತಿರುವವರೆಗೆ ಈ ನಿಧಿ ಬಾಳಲಿ.’ ನಿಧಿಪತ್ರದ ಸಾಲು ಹೀಗೇ ಇತ್ತೋ, ಇದರ ಹಿಂದೆಮುಂದೆ ಇನ್ನೇನಾದರೂ ಇತ್ತೋ, ನನಗೆ ಸರಿಯಾಗಿ ನೆನಪಿಲ್ಲ. ವರ್ಷಕ್ಕೊಮ್ಮೆ ಚರ್ಚಿನ ನೆಲಮಾಳಿಗೆಯಲ್ಲಿ ಕರಿದ ಮೀನಿನ ಊಟ ಮುಗಿದ ಮೇಲೆ ನನ್ನ ಅಜ್ಜಿ ಎದ್ದು ನಿಂತು ಇದನ್ನು ಹೇಳುತ್ತಿದ್ದಳು. ನಾನಾಗ ಜೋಳದ ಬ್ರೆಡ್ಡಿನ ಕೊನೆಯ ತುಂಡಿನ ಮೇಲೆ ಕಣ್ಣಿಟ್ಟು ಕೂತಿರುತ್ತಿದ್ದೆ. ದೊಡ್ಡವಳಾಗಿ ಕವಿತೆ ಓದುವ ಅಭ್ಯಾಸ ಹತ್ತಿದ ಮೇಲೆ ಈ ಸಾಲು ಎಷ್ಟೋ ಸಲ ನೆನಪಾಗಿ ಕಾಡಿದೆ. ಒಬ್ಬರು ಉಸಿರಾಡುತ್ತಿರುವವರೆಗೆ ಎನ್ನಬಹುದಿತ್ತು. ಒಂದು ಒಲೆ ಉರಿಯುವವರೆಗೆ ಎನ್ನಬಹುದಿತ್ತು. ಬಾಗಿಲೇ ಏಕೆ? ಹೇಳುವುದಾದರೆ ಯಾವ ಬಾಗಿಲು ಎಂದಾದರೂ ಹೇಳಬಾರದಿತ್ತೆ?

ಏಕೆಂದರೆ ನಿಮ್ಮ ಕಚೇರಿ ಮಲ್ಬರಿ ಬೀದಿಯನ್ನು ಖಾಲಿ ಎಂದು ತೀರ್ಮಾನಿಸಿದೆ. ಈ ಬೀದಿಯ ಕಪ್ಪು ಜನರಿಗಾಗಿ ಇಟ್ಟ ನಿಧಿಗೆ ಫಲಾನುಭವಿಗಳು ಉಳಿದಿಲ್ಲವಂತೆ. ಆದ್ದರಿಂದ ಅದರ ಉದ್ದೇಶವನ್ನು ಬದಲಿಸಲಾಗುವುದಂತೆ, ಅದರಿಂದ ಓಡುತ್ತಿದ್ದ ಆಸ್ಪತ್ರೆ ವ್ಯಾನ್ ಈ ತಿಂಗಳ ಕೊನೆಗೆ ನಿಲ್ಲುವುದಂತೆ. ಹಾಗೆಂದು ಕಾಗದ ಬರೆದು, ‘ನಿವಾಸಿಗಳಿಗೆ’ ಎಂದು ವಿಳಾಸ ಹಾಕಿ, ಮನೆಮನೆಗೂ ಅಂಚೆಯಲ್ಲಿ ಕಳುಹಿಸಿದ್ದೀರಿ. ಯಾರೂ ಇಲ್ಲದ ಮನೆಗಳಿಗೆ ಕಾಗದ ಹಾಕಿ, ಇಲ್ಲಿ ಯಾರೂ ಇಲ್ಲ ಎಂದು ತಿಳಿಸುವ ಸೌಜನ್ಯ ಎಲ್ಲ ಕಚೇರಿಗಳಿಗೂ ಇರುವುದಿಲ್ಲ. ವಂದನೆಗಳು.

ನಿಮ್ಮ ಸಮೀಕ್ಷೆಯವರು ಬಂದ ದಿನ ನಾನು ಮನೆಯಲ್ಲೇ ಇದ್ದೆ. ಬೆಳಗಿನ ಹೊತ್ತು, ಅಡುಗೆಮನೆಯಲ್ಲಿ ಕೂತು ಓದುತ್ತಿದ್ದೆ. ಪಕ್ಕದ ಮನೆಯ ಮಿಸ್ ಆರ್ವೆಲಾ ಎದುರಿನ ಕುರ್ಚಿಯಲ್ಲಿ ಬೆಂಡೆಕಾಯಿ ಹೆಚ್ಚುತ್ತಿದ್ದರು. ಅವರ ಅಡುಗೆಮನೆಗಿಂತ ನನ್ನದರಲ್ಲಿ ಬೆಳಕು ಚೆನ್ನಾಗಿದೆ ಎಂಬುದು ಅವರು ದಿನಾ ಕೊಡುವ ನೆಪ. ಮುಂಬಾಗಿಲು ತಟ್ಟಿದ ಸದ್ದಾಯಿತು. ಅವರ ಚಾಕು ನಿಂತಿತು. ನಾನು ಪುಟದ ನಡುವೆ ಬೆರಳಿಟ್ಟೆ.

‘ಅಲ್ಲಾಡಬೇಡ,’ ಎಂದರು ಪಿಸುದನಿಯಲ್ಲಿ. ‘ಗೊತ್ತಿರೋರು ಯಾರೂ ಆ ಕಡೆಯಿಂದ ಬರಲ್ಲ.’

ಮತ್ತೆ ತಟ್ಟಿದರು. ಆಮೇಲೆ ಬೂಟಿನ ಸಪ್ಪಳ ಮೆಟ್ಟಿಲಿಳಿದು ಪಕ್ಕದ ಮನೆಯ ಕಡೆಗೆ ಹೋಯಿತು. ಮಿಸ್ ಆರ್ವೆಲಾ ತಮ್ಮ ಮನೆಯ ಮುಂಬಾಗಿಲು ತಟ್ಟುವ ಸದ್ದನ್ನು ನನ್ನ ಅಡುಗೆಮನೆಯಲ್ಲಿ ಕೂತು ಕೇಳಿಸಿಕೊಂಡರು. ‘ಅಲ್ಲೂ ಯಾರೂ ಇಲ್ಲ ಕಣಪ್ಪಾ,’ ಎಂದು ಬಾಯಿಗೆ ಏಪ್ರನ್ ಒತ್ತಿಕೊಂಡು ನಕ್ಕರು.

ಆ ನಗೆಯನ್ನು ನೀವು ‘ನಿವಾಸಿಗಳಿಲ್ಲ’ ಎಂದು ಬರೆದುಕೊಂಡಿರಿ.

ಮಾನ್ಯರೇ, ನಮ್ಮ ಬೀದಿಯಲ್ಲಿ ಹುಟ್ಟಿದ ಯಾವ ಮಗುವನ್ನು ಕೇಳಿದರೂ ಹೇಳುತ್ತಿತ್ತು. ಇಲ್ಲಿ ಜನ ಬಂದುಹೋಗುವುದು ಪಕ್ಕದ ಬಾಗಿಲಿನಿಂದ, ಅಡುಗೆಮನೆಯ ಮೂಲಕ. ಮುಂಬಾಗಿಲಿಗೆ ಸೋಫಾ ಒರಗಿಸಿರುತ್ತೇವೆ. ನದಿಯ ತೇವಕ್ಕೆ ಮರ ಉಬ್ಬಿ, ಬಣ್ಣ ಅಂಟಿಕೊಂಡು, ಅದು ಗೋಡೆಯೇ ಆಗಿಬಿಟ್ಟಿರುತ್ತದೆ. ಅದನ್ನು ತಟ್ಟುವವರು ಮೂರೇ ಬಗೆ: ಮನೆ ಬಿಡಿಸಲು ಬರುವ ಷೆರಿಫ್‌ನ ಕಡೆಯವರು, ಮನೆಯನ್ನು ಮೂರು ಕಾಸಿಗೆ ಕೇಳಲು ಬರುವ ದಲ್ಲಾಳಿಗಳು, ಸಾವಿಗೆ ಬರುವವರು. ಮೊದಲಿನ ಇಬ್ಬರಿಗೆ ನಾವು ತೆರೆಯುವುದಿಲ್ಲ. ಸಾವು ಬಂದಾಗ ಸೋಫಾ ಸರಿಸಿ, ಹೆಗಲು ಕೊಟ್ಟು ದೂಡಿ ತೆರೆಯುತ್ತೇವೆ. ಶವಪೆಟ್ಟಿಗೆ ಅಡುಗೆಮನೆಯ ತಿರುವಿನಲ್ಲಿ ತಿರುಗುವುದಿಲ್ಲ, ಅದಕ್ಕೆ. ನಿಮ್ಮವರು ಬೀದಿಯುದ್ದಕ್ಕೂ ತಟ್ಟುತ್ತ ಹೋದದ್ದು ಆ ಬಾಗಿಲುಗಳನ್ನು. ಎರಡು ಹೆಜ್ಜೆ ಪಕ್ಕಕ್ಕೆ ಬಂದಿದ್ದರೆ ಬೆಂಡೆಕಾಯಿ ಹುರಿಯುವ ವಾಸನೆಗೇ ತಿಳಿಯುತ್ತಿತ್ತು. ಆದರೆ ಸಮೀಕ್ಷೆಗೆ ಮೂಗಿರಬೇಕೆಂದು ಯಾವ ನಿಯಮದಲ್ಲೂ ಇಲ್ಲವಷ್ಟೆ.

ಈ ನಿಧಿಯನ್ನು ಯಾರು ಕಟ್ಟಿದರೆಂದು ನಿಮಗೆ ಗೊತ್ತು. ಪ್ರತಿವರ್ಷ ಚೆಂದದ ವರದಿಯಲ್ಲಿ ಅಚ್ಚು ಹಾಕಿಸುತ್ತೀರಿ: ಏಡಿಯ ಮಾಂಸ ಬಿಡಿಸುವ ಕಾರ್ಖಾನೆಯ ಹೆಂಗಸರು, ಶನಿವಾರಗಳಂದು ಮೀನೂಟ ಮಾರಿ. ಏಕೆ ಕಟ್ಟಿದರೆಂಬುದನ್ನು ಮಾತ್ರ ಅಚ್ಚು ಹಾಕಿಸಿಲ್ಲ. ಅವರ ಕಾಲದಲ್ಲಿ ಊರಿನ ಆಂಬುಲೆನ್ಸ್ ರೈಲು ಹಳಿ ದಾಟಿ ನಮ್ಮ ಕಡೆ ಬರುತ್ತಿರಲಿಲ್ಲ. ಕಪ್ಪು ಜನರಲ್ಲಿ ಮಲಗಿಸಿಕೊಂಡು ಹೋಗುವಂಥ ಗಾಡಿ ಇದ್ದದ್ದು ಶವಸಂಸ್ಕಾರ ಮಾಡಿಸುವವನ ಬಳಿ ಮಾತ್ರ. ಹೆರಿಗೆ ನೋವು ಬಂದರೂ ಅದೇ ಶವದ ಗಾಡಿ, ಕಾಲು ಮುರಿದರೂ ಅದೇ. ನನ್ನ ಅಜ್ಜಿಯ ತಂಗಿ ಜ್ವರದಲ್ಲಿದ್ದಾಗ ಆ ಕಪ್ಪು ಗಾಡಿ ಮುಂಬಾಗಿಲಿಗೆ ಬಂದು ನಿಂತದ್ದನ್ನು ಕಂಡು, ತನಗೇ ತಿಳಿಯದ ಹಾಗೆ ತಾನು ಸತ್ತಿರಬೇಕೆಂದುಕೊಂಡು, ಮಕ್ಕಳಿಗೆಲ್ಲ ಒಬ್ಬೊಬ್ಬರಾಗಿ ಬುದ್ಧಿಮಾತು ಹೇಳಿ ಕಣ್ಣು ಮುಚ್ಚಿಕೊಂಡಳಂತೆ. ದಾರಿಯಲ್ಲಿ ಮತ್ತೆ ತೆರೆಯಲಿಲ್ಲ. ಅವಳನ್ನು ಮಣ್ಣು ಮಾಡಿ ಬಂದ ಹೆಂಗಸರು ನಮ್ಮ ಜನ ಬದುಕಿರುವಾಗ ಬೇರೆ ಗಾಡಿ ಹತ್ತಬೇಕೆಂದು ನಿಶ್ಚಯಿಸಿದರು. ಅಷ್ಟೇ ಈ ನಿಧಿಯ ಉದ್ದೇಶ. ಅದನ್ನೇ ನೀವು ‘ಕಾಲಬಾಹಿರ’ ಎಂದಿದ್ದೀರಿ.

ಮಿಸ್ ಆರ್ವೆಲಾ ವಾರಕ್ಕೆ ಮೂರು ದಿನ ಆ ವ್ಯಾನಿನಲ್ಲಿ ಸೇತುವೆ ದಾಟಿ ಡಯಾಲಿಸಿಸ್‌ಗೆ ಹೋಗುತ್ತಾರೆ. ಅವರಿಗೆ ಮಕ್ಕಳಿಲ್ಲ. ಆ ಕಡೆಗೆ ಬಸ್ಸಿಲ್ಲ. ನನಗೆ ಕಣ್ಣಿನ ತೊಂದರೆಯಿಂದ ಕಾರು ಓಡಿಸುವ ಹಾಗಿಲ್ಲ, ದೊಡ್ಡ ಅಕ್ಷರದ ಕವಿತೆಗಳನ್ನು ಓದಿಕೊಂಡಿದ್ದೇನೆ. ವ್ಯಾನು ನಿಂತರೆ ಏನಾಗುತ್ತದೆಂದು ಅವರ ಡಾಕ್ಟರನ್ನು ಕೇಳಿದೆ. ಅವರು ಕಿಟಕಿಯ ಕಡೆ ನೋಡಿ, ಹೆಚ್ಚೆಂದರೆ ಎರಡು ವಾರ ಎಂದರು. ಮಿಸ್ ಆರ್ವೆಲಾ ಅಲ್ಲೇ ಇದ್ದರು. ಮನೆಗೆ ಬಂದ ಮೇಲೆ ಬೆಂಡೆ ಗಿಡಗಳಿಗೆ ನೀರು ಹಾಕಿದರು. ಬೀಜಕ್ಕೆಂದು ಬಲಿಯಲು ಬಿಟ್ಟಿದ್ದ ಕಾಯಿಗಳನ್ನು ಕಿತ್ತು ನನ್ನ ಕೈಗೆ ಕೊಟ್ಟರು.

ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಬಹಳ ಮೃದುವಾದ ದನಿಯ ಹೆಂಗಸೊಬ್ಬರು ವಿಳಾಸ ಕೇಳಿ, ಹುಡುಕಿ, ‘ಆ ಮನೆ ಖಾಲಿ ಅಂತಿದೆ ಮೇಡಂ’ ಎಂದರು.

‘ಖಾಲಿ ಮನೆಯಿಂದಾನೇ ಮಾತಾಡ್ತಿರೋದು,’ ಎಂದೆ.

ಅವರು ಇನ್ನೊಮ್ಮೆ ಹುಡುಕಿದರು. ಆಮೇಲೆ, ಆಕ್ಷೇಪವಿದ್ದರೆ ಮುಂದಿನ ಸಮೀಕ್ಷೆಯಲ್ಲಿ ದಾಖಲಿಸಬಹುದು, ಅದು ಮುಂದಿನ ವರ್ಷ ನಡೆಯುತ್ತದೆ ಎಂದರು. ಆ ಹೊತ್ತಿಗೆ ನಿಮ್ಮ ಸಮೀಕ್ಷೆ ನಿಜವಾಗಿರುತ್ತದೆ ಎಂಬುದು ಅವರಿಗೂ ಹೊಳೆದಿರಬೇಕು, ‘ಕ್ಷಮಿಸಿ’ ಎಂದು ತಾವಾಗಿಯೇ ಸೇರಿಸಿದರು. ಸರಿಯಾಗಿ ಲೆಕ್ಕ ಹಾಕುವ ಕಚೇರಿಯನ್ನು ನಾನು ಕಂಡಿದ್ದೇನೆ, ತಪ್ಪು ಹಾಕುವುದನ್ನೂ ಕಂಡಿದ್ದೇನೆ. ತನ್ನ ತಪ್ಪು ಸರಿಯಾಗುವವರೆಗೆ ತಾಳ್ಮೆಯಿಂದ ಕಾಯುವ ಕಚೇರಿಯನ್ನು ಇದೇ ಮೊದಲು ನೋಡುತ್ತಿರುವುದು.

ಬದಲಾದ ಉದ್ದೇಶವೇನೆಂಬುದನ್ನೂ ಕಾಗದದಲ್ಲಿ ತಿಳಿಸಿದ್ದೀರಿ: ನದಿದಂಡೆಯ ಹೊಸ ಉದ್ಯಾನದಲ್ಲಿ ಏಡಿ ಬಿಡಿಸುವ ಹೆಂಗಸರ ಕಂಚಿನ ಪ್ರತಿಮೆ. ಸಂತೋಷ. ಕಂಚಿಗೆ ಮೂತ್ರಪಿಂಡ ಕೆಡುವುದಿಲ್ಲ, ಅದನ್ನು ಸೇತುವೆ ದಾಟಿಸಬೇಕಾಗಿಲ್ಲ. ಅದಕ್ಕೆ ಬಾಗಿಲೂ ಬೇಕಾಗಿಲ್ಲ, ಯಾವ ಕಡೆಯಿಂದ ಬಂದರೂ ಸಿಗುತ್ತದೆ. ನಮ್ಮ ಅಜ್ಜಿಯಂದಿರು ಜೀವದಿಂದಿದ್ದಾಗ ಊರಿನ ಯಾವ ಉದ್ಯಾನಕ್ಕೂ ಅವರನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. ಈಗ ಅವರ ಮೊಮ್ಮಕ್ಕಳ ಖರ್ಚಿನಲ್ಲಿ ಅಲ್ಲಿ ಶಾಶ್ವತವಾಗಿ ನಿಲ್ಲಿಸುತ್ತೀರಿ. ನಾವೂ ಹೋದ ಮೇಲೆ ನಮ್ಮನ್ನೂ ಕಂಚಿನಲ್ಲಿ ನಿಲ್ಲಿಸುವಿರಾ? ಆಗ ನಮ್ಮ ಕೈಗೆ ಏನು ಕೊಡುತ್ತೀರಿ, ಬೆಂಡೆಕಾಯಿಯೆ?

ನಾನು ಕೇಳುವುದು ದೊಡ್ಡದೇನಲ್ಲ. ತಿಂಗಳು ಮುಗಿಯುವುದರೊಳಗೆ ನೀವೇ ಬನ್ನಿ. ಯಾರನ್ನೋ ಕಳುಹಿಸಬೇಡಿ. ಪಕ್ಕದ ಬಾಗಿಲು ತಟ್ಟಿ. ತೆರೆದವರ ಮುಖ ನೋಡಿ, ಅನ್ನ ಹಾಕಿದರೆ ಉಣ್ಣಿ, ಆಮೇಲೆ ಇಲ್ಲಿ ಯಾರೂ ಇಲ್ಲ ಎಂದು ನಿಮ್ಮ ಕೈಯಾರೆ ಬರೆಯಿರಿ. ಬರೆಯಲಾಗದಿದ್ದರೆ ಆದೇಶ ಹಿಂತೆಗೆದುಕೊಳ್ಳಿ, ವ್ಯಾನು ಒಂದು ದಿನವೂ ನಿಲ್ಲದಿರಲಿ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಇಲ್ಲದವಳು,
ಡೆನೀಟಾ ಗ್ಯಾಡ್ಸ್‌ಡನ್
ಮಲ್ಬರಿ ಬೀದಿ

ಸಹಿ ಮಾಡಿದ ಮೇಲೆ ಇಷ್ಟನ್ನು ಸೇರಿಸಬೇಕಾಯಿತು. ಪತ್ರ ಮಡಿಸುತ್ತಿದ್ದಾಗ ಮುಂಬಾಗಿಲು ತಟ್ಟಿದ ಸದ್ದಾಯಿತು. ನಾನು ಅಲುಗಾಡಲಿಲ್ಲ. ‘ನೀಟಾ, ನಾನು ಕಣೇ,’ ಎಂದದ್ದು ಕೇಳಿಸಿತು. ಸೋಫಾ ಎಳೆದು, ಹೆಗಲು ಕೊಟ್ಟು ದೂಡಿದೆ. ಮಿಸ್ ಆರ್ವೆಲಾ ಭಾನುವಾರದ ಟೋಪಿ, ಕಪ್ಪು ಉಡುಪು ಹಾಕಿಕೊಂಡು, ಬಟ್ಟೆ ಮುಚ್ಚಿದ ಪಾತ್ರೆ ಹಿಡಿದು ನಿಂತಿದ್ದರು. ಯಾರು ಹೋದರು ಎಂದು ಕೇಳಿದೆ.

‘ಬೀದಿಗೆ ಬೀದೀನೇ ಹೋಯ್ತು ಅಂತ ಕಾಗದ ಬಂದಿಲ್ವಾ? ಸಾವಿನ ಮನೆಗೆ ಈ ಕಡೆಯಿಂದಾನೇ ಬರಬೇಕು, ನಿಮ್ಮಜ್ಜಿ ಹೇಳ್ಕೊಟ್ಟಿಲ್ವಾ ನಿಂಗೆ? ಹಿಡ್ಕೋ, ಅನ್ನ ಬಿಸಿಯಾಗಿದೆ. ಆಮೇಲೆ ನಮ್ಮನೇಗೆ ಬಾ, ಸೋಫಾ ಸರಿಸ್ಬೇಕು, ನನ್ನೊಬ್ಬಳ ಕೈಲಿ ಆಗ್ತಿಲ್ಲ. ವ್ಯಾನಾದ್ರೆ ಪಕ್ಕಕ್ಕೆ ಬಂದು ನಿಲ್ತಿತ್ತು. ಇನ್ಮುಂದೆ ಬರೋ ಗಾಡಿಗೆ ಮುಂಬಾಗಿಲೇ ಬೇಕು.’