ಮಹಡಿ ಹತ್ತಿದ ದನಿ

ಮನೆಯಿಂದ,
ಮಾರ್ಚ್ ೧೨, ಬೆಳಿಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಪುಸ್ತಕವನ್ನೇ ನುಂಗುತ್ತಿದ್ದೀಯೋ? ನಾನು ಗಟ್ಟಿಮುಟ್ಟಾಗಿದ್ದೇನೆ, ಗಂಟಲಿನ ಆಪರೇಷನ್ನಿನ ಗಾಯ ಮಾಯ್ದಿದೆ. ಆದರೆ ನಾನು ಟೈಪ್ ಮಾಡಿದ್ದನ್ನು ನನ್ನ ಬದಲು ಮಾತಾಡುವ ಲ್ಯಾಪ್‌ಟಾಪು ಕೆಲವು ದಿನ ಮೂಕವಾಗಿತ್ತು. ನಿನ್ನಮ್ಮ, "ಮದುವೆಯಾದ ಮೇಲೆ ಇದೇ ಮೊದಲು, ಕೊನೇ ಮಾತು ನಂದು!" ಅಂತ ನಗುತ್ತಾ ಓಡಾಡಿದಳು.

ಅದರ ಹಳೆಯ ದನಿ ಬಸ್‌ಸ್ಟ್ಯಾಂಡಿನ ಘೋಷಣೆಯ ಹಾಗಿತ್ತಲ್ಲ, ಹೊಸ ದನಿ ಬಂದಿದೆಯೆಂದು ಅಪ್‌ಡೇಟ್ ಒತ್ತಿದೆ. ಅದು ಹಳೆಯದನ್ನು ಕಿತ್ತುಹಾಕಿ, ಹೊಸದನ್ನು ಅರ್ಧ ಇಳಿಸಿಕೊಂಡು, ಹಳ್ಳದ ದಡದಲ್ಲಿ ಮೊಂಡು ಎತ್ತು ನಿಂತ ಹಾಗೆ ನಿಂತುಬಿಟ್ಟಿತು. ಮತ್ತೆ ಒತ್ತಿದರೂ ಅಷ್ಟೇ. ಯಾಕಿರಬಹುದು? ರಿಪೇರಿ ಅಂಗಡಿಗೆ ಕೊಡಲು ಮನಸ್ಸಾಗಲಿಲ್ಲ, ಗುಟ್ಟು ನನಗೇ ಸಿಗಬೇಕು ಅನ್ನಿಸಿತು. ಹುಡುಕಿ ಹುಡುಕಿ, ಇಳಿದ ಫೈಲುಗಳನ್ನು ಅದು ಗುಡ್ಡೆ ಹಾಕುವ ಫೋಲ್ಡರ್ ಕಂಡುಹಿಡಿದೆ. ದನಿಯ ಫೈಲು ಇರಬೇಕಾದ ಗಾತ್ರದಲ್ಲಿ ಅರ್ಧವೇ ಇತ್ತು. ಪೆದ್ದು ಯಂತ್ರ, ಹೆಸರು ನೋಡಿ ಪೂರ್ತಿ ಬಂದಿದೆಯೆಂದು ನಂಬಿ, ಬಿಚ್ಚಲು ಹೋಗಿ ಮುಗ್ಗರಿಸುತ್ತಿತ್ತು. ಆ ತುಂಡನ್ನು ಅಳಿಸಿ ಮೊದಲಿನಿಂದ ಶುರುಮಾಡಿದೆ. ಸರಸರ ಇಳಿಯಿತು, ನಡುವೆ ಮತ್ತೆ ನಿಂತಿತು!

ಯಾವಾಗಲೂ ಸಂಜೆಯೇ ಕಡಿದುಹೋಗುತ್ತದೆ. ಇದೆಂಥ ದೆವ್ವ, ನೋಡೇಬಿಡೋಣ ಅಂತ ನಿನ್ನೆ ಕಣ್ಣು ಕೀಲಿಸಿ ಕೂತೆ. ನಮ್ಮ ಮನೆಯ ಇಂಟರ್ನೆಟ್ಟು ಅಮ್ಮನ ಫೋನಿನಿಂದ ತಾನೆ? ದಿನಾ ಸಂಜೆಯ ಹಾಗೆ ನಿನ್ನ ಕರೆ ಬಂತು. ಅಮ್ಮ ಫೋನೆತ್ತಿಕೊಂಡು ಮಹಡಿ ಹತ್ತಿದಳು, ಕೆಳಗೆ ಲ್ಯಾಪ್‌ಟಾಪಿಗೆ ಇಂಟರ್ನೆಟ್ಟು ಕಡಿದು ನನ್ನ ದನಿಯೂ ಅವಳ ಹಿಂದೆಯೇ ಹೊರಟಿತು. ನಿಲ್ಲೇ ಅನ್ನೋಣವೆಂದರೆ ಅದನ್ನು ಹೇಳಬೇಕಾದ ದನಿಯೇ ಇನ್ನೂ ದಾರಿಯಲ್ಲಿತ್ತು! ಕೈ ಬೀಸುತ್ತಾ ಓಡಿದೆ. "ಕಾಫಿ ಆಮೇಲೆ ಕೊಡ್ತೀನಿ, ಇರೀ ಅಂದ್ರೆ" ಅಂದು ಬೆನ್ನು ತಿರುಗಿಸಿದಳು. ಆಮೇಲೆ ಬರೆದು ತೋರಿಸಿದಾಗ ಬಿದ್ದುಬಿದ್ದು ನಕ್ಕು, ಫೋನನ್ನು ಲ್ಯಾಪ್‌ಟಾಪಿನ ಪಕ್ಕ ಇಟ್ಟು ತಾನೇ ಕಾವಲು ಕೂತಳು. ದನಿ ಪೂರ್ತಿ ಇಳಿಯಿತು.

ನಿನಗೆ ನಿದ್ದೆ ಚೆನ್ನಾಗಿ ಹತ್ತಲಿ, ಕಾಲಿಟ್ಟ ಕಡೆ ದಾರಿ ತೆರೆಯಲಿ.

ನಿನ್ನ ಬಾಯಿಬಡುಕ
ಅಪ್ಪ

ಮರೆತಿದ್ದೆ: ಮಹಡಿಯ ಬಾಗಿಲಲ್ಲಿ ಅಮ್ಮ ನಿನಗೆ ಹೇಳಿದ ಇನ್ನೊಂದು ಮಾತೂ ಕಿವಿಗೆ ಬಿತ್ತು. "ಅಳಬೇಡ ಕಣೇ, ಪರೀಕ್ಷೆ ಹೋಗಿದ್ದನ್ನ ಅಪ್ಪಂಗೆ ನಾನೇ ನಿಧಾನಕ್ಕೆ ಹೇಳ್ತೀನಿ." ನನಗೆ ಹೋಗಿರುವುದು ಬಾಯಿ, ಕಿವಿಯಲ್ಲ. ಈ ಕಾಗದ ಸಿಕ್ಕ ದಿನವೇ ಫೋನ್ ಮಾಡಿ, ಅಪ್ಪಂಗೆ ಕೊಡು ಅಂತ ಅಮ್ಮನಿಗೆ ಹೇಳು. ಹೆದರಬೇಡ, ಒಂದಷ್ಟು ಬೈಗುಳ ಟೈಪ್ ಮಾಡಿ ನೋಡಿದ್ದೇನೆ. ಈ ದನಿಯಲ್ಲಿ ಏನು ಬೈದರೂ ಊಟಕ್ಕೆ ಕರೆದ ಹಾಗೆ ಕೇಳುತ್ತದೆ.